ಮೂರನೇ ಗೇರ್ ಜಿಗಿಯುವುದು ಏಕೆ?

ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ಯೆಜ್ದಿ ಬೈಕು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿತ್ತು. ಅದೇ 1996ರಲ್ಲಿ ಯಮಹಾ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತ್ತು. ಹೀಗಾಗಿ ರೋಣದ ಸಂತೆಗೆ ಬರುವ ಹಳೆಯ ಯೆಜ್ದಿಯಾಗಲಿ, ನರಗುಂದದ ಪೇಟೆಯಲ್ಲಿ ಸದ್ದು ಮಾಡುತ್ತ ಹಾಯುವ ಆರ್‌ಎಕ್ಸ್ ಆಗಲಿ, ತಾನು ಓಡಾಡುವ ಜಿಲ್ಲೆಗಿಂತ ವಯಸ್ಸಿನಲ್ಲಿ ದೊಡ್ಡದು.

ಇಂಥ ಗಾಡಿಗಳ ಎಂಜಿನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪಿಸ್ಟನ್, ಬೋರ್, ಕಾರ್ಬುರೇಟರ್ ಎಂಬ ಪದಗಳು ಚಹಾದಂಗಡಿಯ ಕಟ್ಟೆಯಲ್ಲೂ ಕೇಳಸಿಗುತ್ತವೆ. ಗೇರ್‌ಬಾಕ್ಸ್ ಮಾತ್ರ ಕೆಟ್ಟಾಗಲಷ್ಟೇ ನೆನಪಾಗುತ್ತದೆ. ಗ್ಯಾರೇಜಿಗೆ ಬಂದವರು ಹೇಳುವ ಮಾತು ಬಹುತೇಕ ಒಂದೇ: ‘ಮೂರನೇ ಗೇರ್ ಜಿಗೀತೈತ್ರೀ.’ ಏರು ರಸ್ತೆಯಲ್ಲಿ ಭಾರ ಎಳೆಯುತ್ತಿರುವಾಗ ಒಮ್ಮೆಗೇ ಎಂಜಿನ್ ಕಿರುಚುತ್ತದೆ, ಗಾಡಿ ಸೋಲುತ್ತದೆ, ಹಾಕಿದ್ದ ಗೇರ್ ತಾನೇ ಬಿಟ್ಟುಹೋಗಿರುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಆ ಕ್ಷಣ ಅಪಾಯದ್ದೂ ಹೌದು.

ಇದಕ್ಕೆ ಉತ್ತರ ಒಂದು ಉಕ್ಕಿನ ಅಂಚಿನಲ್ಲಿದೆ. ಅದು ಸವೆದಿರುವುದು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಇರಬಹುದು. ಗೇರ್‌ಬಾಕ್ಸನ್ನು ದುರಸ್ತಿ ಮಾಡಬೇಕೋ, ಬದಲಿಸಬೇಕೋ ಎಂದು ತೀರ್ಮಾನಿಸುವ ಮೊದಲು ಆ ಅಂಚನ್ನು ಅರಿಯಬೇಕು.

ಎಂಜಿನ್‌ಗೆ ಗೇರ್ ಏಕೆ ಬೇಕು?

ಒಂದು ಲೆಕ್ಕ ಹಾಕೋಣ. ಗಾಡಿ, ಸವಾರ, ಹಿಂದೊಬ್ಬರು, ಒಂದು ಚೀಲ ಕಡಲೆ ಎಲ್ಲ ಸೇರಿ 300 ಕಿಲೊ ಎನ್ನಿ. ಗಜೇಂದ್ರಗಡದ ಗುಡ್ಡದ ಕಡೆಗೆ ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವಂಥ ಚಡಾವು ಇದೆ ಎಂದಿಟ್ಟುಕೊಳ್ಳಿ. ಅದನ್ನು ಹತ್ತಲು ಬರೀ ಗುರುತ್ವದ ವಿರುದ್ಧವೇ ಸುಮಾರು 300 ನ್ಯೂಟನ್ ಬಲ ಬೇಕು. ಹಿಂಗಾಲಿಯ ತ್ರಿಜ್ಯ ಸುಮಾರು 30 ಸೆಂಟಿಮೀಟರ್. ಅಂದರೆ ಗಾಲಿಯನ್ನು ತಿರುಗಿಸಲು 90 ನ್ಯೂಟನ್ ಮೀಟರ್ ತಿರುಚುಬಲ ಬೇಕಾಗುತ್ತದೆ. ಆರ್‌ಎಕ್ಸ್ 100ರ ಎಂಜಿನ್ ಹೆಚ್ಚೆಂದರೆ ಕೊಡುವುದು ಸುಮಾರು 10 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 6,500 ಸುತ್ತಿನ ಆಸುಪಾಸಿನಲ್ಲಿ.

ಆ ಎಂಜಿನ್ನನ್ನು ನೇರವಾಗಿ ಗಾಲಿಗೆ ಜೋಡಿಸಿದರೆ ಬಲ ಬೇಕಾದ್ದರ ಒಂಬತ್ತನೇ ಒಂದು ಪಾಲು ಮಾತ್ರ. ಆದರೆ 6,500 ಸುತ್ತಿನಲ್ಲಿ ಗಾಲಿಯ ವೇಗ ಗಂಟೆಗೆ 700 ಕಿ.ಮೀ. ದಾಟಬೇಕಾಗುತ್ತದೆ! ಬೇಡದ ವೇಗವನ್ನು ಕೊಟ್ಟು ಬೇಕಾದ ಬಲವನ್ನು ಕೊಳ್ಳುವ ವ್ಯಾಪಾರವೇ ಗೇರ್. ಹನ್ನೆರಡು ಹಲ್ಲಿನ ಚಕ್ರ ಮೂವತ್ತಾರು ಹಲ್ಲಿನ ಚಕ್ರವನ್ನು ತಿರುಗಿಸಿದರೆ ವೇಗ ಮೂರನೇ ಒಂದಕ್ಕೆ ಇಳಿಯುತ್ತದೆ, ತಿರುಚುಬಲ ಮೂರು ಪಟ್ಟಾಗುತ್ತದೆ. ಬೈಕಿನಲ್ಲಿ ಈ ವ್ಯಾಪಾರ ಮೂರು ಕಡೆ ನಡೆಯುತ್ತದೆ: ಎಂಜಿನ್‌ನಿಂದ ಕ್ಲಚ್‌ಗೆ, ಗೇರ್‌ಬಾಕ್ಸಿನೊಳಗೆ, ಕೊನೆಗೆ ಚೈನು ಸ್ಪ್ರಾಕೆಟ್‌ನಲ್ಲಿ. ಮೂರನ್ನೂ ಗುಣಿಸಿದರೆ ಸಣ್ಣ ಬೈಕುಗಳ ಮೊದಲ ಗೇರ್‌ನಲ್ಲಿ ಇಪ್ಪತ್ತೈದು, ಮೂವತ್ತು ಪಟ್ಟು ಬಲ ಸಿಗುತ್ತದೆ.

ಹಲ್ಲಿಗೆ ಹಲ್ಲು ಕೂಡಿಸುವ ಬುದ್ಧಿ ನಮ್ಮ ನೆಲಕ್ಕೆ ಹೊಸದಲ್ಲ. ಅರಳೆಯಿಂದ ಬೀಜ ಬಿಡಿಸುವ ಭಾರತದ ಹಳೆಯ ಕೈಚರಕಿಯಲ್ಲಿ ಎರಡು ಉರುಳೆಗಳ ತುದಿಗೆ ಸುರುಳಿ ಹಲ್ಲು ಕೆತ್ತಿರುತ್ತಿದ್ದರು. ಒಂದನ್ನು ತಿರುಗಿಸಿದರೆ ಇನ್ನೊಂದು ತಾನೇ ತಿರುಗುತ್ತಿತ್ತು. ಕಟ್ಟಿಗೆಯ ಆ ಹಲ್ಲಿನ ಮೇಲೆ ಬೀಳುತ್ತಿದ್ದುದು ಒಬ್ಬರ ಕೈಬಲ ಮಾತ್ರ. ಬೈಕಿನ ಹಲ್ಲಿನ ಕಥೆ ಬೇರೆ.

ಎರಡು ಉಕ್ಕಿನ ಹಲ್ಲುಗಳು ತಾಗುವುದು ಕೂದಲೆಳೆಯಷ್ಟು ಅಗಲದ ಗೆರೆಯಲ್ಲಿ. ಅಷ್ಟು ಕಿರಿದಾದ ಜಾಗದಲ್ಲಿ ಒತ್ತಡ ಎಷ್ಟೆಂದು ಲೆಕ್ಕ ಹಾಕುವ ದಾರಿ ತೋರಿಸಿದವರು ಜರ್ಮನಿಯ ಹೈನ್ರಿಕ್ ಹರ್ಟ್ಸ್. ರೇಡಿಯೊ ಅಲೆಗಳನ್ನು ಕಂಡು ಹೆಸರಾಗುವ ಮೊದಲು, 1880ರ ದಶಕದ ಆರಂಭದಲ್ಲೇ ಅವರು ಇದನ್ನು ಬಿಡಿಸಿದ್ದರು. ಅವರ ಸೂತ್ರದಂತೆ ಗೇರ್ ಹಲ್ಲಿನ ಮೇಲಿನ ಒತ್ತಡ ವಾತಾವರಣದ ಒತ್ತಡದ ಹತ್ತು ಸಾವಿರ ಪಟ್ಟು ಮುಟ್ಟಬಲ್ಲದು. ಅದನ್ನು ತಾಳಲೆಂದೇ ಗೇರ್‌ಗೆ ಕುಲುಮೆಯಲ್ಲಿ ಇಂಗಾಲ ಊಡಿಸಿ, ಎಣ್ಣೆಯಲ್ಲಿ ಅದ್ದಿ, ಮೇಲ್ಪದರವನ್ನು ಮಾತ್ರ ಗಾಜಿನಂತೆ ಗಡಸು ಮಾಡುತ್ತಾರೆ. ಒಳಗಿನ ಉಕ್ಕು ಮಿದುವಾಗಿ, ಪೆಟ್ಟು ತಾಳುವಂತೆ ಉಳಿಯುತ್ತದೆ. ಗಡಸು ಪದರದ ದಪ್ಪ ಸಾಮಾನ್ಯವಾಗಿ ಅರ್ಧದಿಂದ ಒಂದು ಮಿ.ಮೀ. ಮಾತ್ರ. ಈ ಅಳತೆ ಮುಂದೆ ಬೇಕಾಗುತ್ತದೆ.

ಹಲ್ಲಲ್ಲ, ಡಾಗ್

ಗೇರ್ ಹಾಕುವುದೆಂದರೆ ಒಂದು ಚಕ್ರದ ಹಲ್ಲನ್ನು ಇನ್ನೊಂದರ ಹಲ್ಲಿಗೆ ಸಿಕ್ಕಿಸುವುದು ಎಂದು ಬಹಳ ಜನ ನಂಬಿದ್ದಾರೆ. ಇಂದಿನ ಸಾಮಾನ್ಯ ಬೈಕುಗಳಲ್ಲಿ ಹಾಗಲ್ಲ. ನಾಲ್ಕು ಗೇರ್‌ನ ಗಾಡಿಯಲ್ಲಿ ನಾಲ್ಕೂ ಜೋಡಿ ಚಕ್ರಗಳ ಹಲ್ಲು ಸದಾ ಕೂಡಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಚಕ್ರ ಮಾತ್ರ ತನ್ನ ದಂಡದ ಮೇಲೆ ಕಟ್ಟಿಲ್ಲದೆ ಬಿಡಿಯಾಗಿ ತಿರುಗುತ್ತಿರುತ್ತದೆ. ಸವಾರ ಲಿವರ್ ಒತ್ತಿದಾಗ ಕವೆಯಂಥ ಒಂದು ಫೋರ್ಕ್ ಪಕ್ಕದ ಚಕ್ರವನ್ನು ಅಡ್ಡಲಾಗಿ ಸರಿಸುತ್ತದೆ. ಅದರ ಮೈಯಲ್ಲಿರುವ ಮೊಂಡು ಉಬ್ಬುಗಳು ಬಿಡಿ ಚಕ್ರದ ಕಿಂಡಿಗಳಿಗೆ ಹೊಕ್ಕು ಅದನ್ನು ದಂಡಕ್ಕೆ ಕಟ್ಟಿಹಾಕುತ್ತವೆ. ಈ ಉಬ್ಬುಗಳಿಗೆ ಮಿಸ್ತ್ರಿಗಳ ಬಾಯಲ್ಲಿ ‘ಡಾಗ್’ ಎಂದು ಹೆಸರು.

ಡಾಗ್‌ನ ಬದಿ ನೆಟ್ಟಗಿರುವುದಿಲ್ಲ. ಬುಡದ ಕಡೆಗೆ ಕೆಲವೇ ಡಿಗ್ರಿ ಒಳಸರಿದಿರುತ್ತದೆ. ಇದರ ಮರ್ಮ ತಿಳಿಯಲು ಎರಡೂ ಕೈಗಳ ಬೆರಳನ್ನು ಕೊಕ್ಕೆಯಂತೆ ಬಾಗಿಸಿ, ಒಂದಕ್ಕೊಂದು ಸಿಕ್ಕಿಸಿ ಎಳೆಯಿರಿ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಬೆರಳ ತುದಿಯನ್ನು ಸ್ವಲ್ಪ ನೆಟ್ಟಗೆ ಮಾಡಿ ಎಳೆದರೆ ಜಾರುತ್ತದೆ. ಹೊಸ ಡಾಗ್ ಕೊಕ್ಕೆಯಂತೆ: ಎಂಜಿನ್ ಬಲ ಹೆಚ್ಚಾದಷ್ಟೂ ಎರಡು ಚಕ್ರಗಳು ಒಂದಕ್ಕೊಂದು ಸೆಳೆದುಕೊಳ್ಳುತ್ತವೆ. ಅಂಚು ಉರುಟಾದ ಡಾಗ್‌ನಲ್ಲಿ ಅದೇ ಬಲ ತಿರುಗುಮುರುಗಾಗಿ ಎರಡನ್ನೂ ದೂರ ತಳ್ಳುತ್ತದೆ. ಆಗ ಚಕ್ರವನ್ನು ಹಿಡಿದಿಡುವ ಹೊಣೆ ಫೋರ್ಕ್‌ನ ಮೇಲೆ ಬೀಳುತ್ತದೆ. ಫೋರ್ಕ್ ಇರುವುದು ಸರಿಸಲಿಕ್ಕೆ, ತಡೆದು ನಿಲ್ಲಿಸಲಿಕ್ಕಲ್ಲ. ಅದರ ತುದಿ ಬಿಸಿಯಾಗಿ ನೀಲಿಗಟ್ಟುತ್ತದೆ, ಸವೆಯುತ್ತದೆ, ಕೆಲವೊಮ್ಮೆ ಬಾಗುತ್ತದೆ. ಫೋರ್ಕ್ ಸವೆದರೆ ಡಾಗ್ ಪೂರ್ತಿ ಒಳಹೋಗುವುದಿಲ್ಲ. ಅರ್ಧಕ್ಕೆ ನಿಂತ ಡಾಗ್‌ನ ತುದಿಯ ಮೇಲೇ ಅಷ್ಟೂ ಭಾರ ಬಿದ್ದು ಅಂಚು ಇನ್ನಷ್ಟು ಬೇಗ ಉರುಟಾಗುತ್ತದೆ.

ಗೇರ್ ಜಿಗಿಯುವ ರೋಗ ತಾನೇ ತನ್ನನ್ನು ಬೆಳೆಸಿಕೊಳ್ಳುವುದು ಹೀಗೆ. ಮೊದಲ ತಿಂಗಳು ಏರಿನಲ್ಲಿ ಮಾತ್ರ ಜಿಗಿದದ್ದು ಕೆಲವು ತಿಂಗಳಲ್ಲಿ ಸಮತಟ್ಟು ರಸ್ತೆಯಲ್ಲೂ ಜಿಗಿಯತೊಡಗುತ್ತದೆ.

ಮೂರು ಊರು, ಮೂರು ಸವೆತ

ನರಗುಂದ ಇರುವುದು ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ. ದಿನವೂ ಆ ದಾರಿಯಲ್ಲಿ ಓಡುವ ಗಾಡಿಯ ಜೀವನ ಬಹುಪಾಲು ಟಾಪ್ ಗೇರ್‌ನಲ್ಲೇ ಕಳೆಯುತ್ತದೆ. ಅಲ್ಲಿ ಬದಲಾವಣೆ ಕಡಿಮೆ, ಡಾಗ್‌ಗೆ ಪೆಟ್ಟು ಕಡಿಮೆ. ಆದರೆ ಒಂದೇ ಜೋಡಿ ಹಲ್ಲಿನ ಮೇಲೆ ಲಕ್ಷಾಂತರ ಸಲ ಒತ್ತಡ ಬಿದ್ದು ದಣಿದ ಮೇಲ್ಪದರದಿಂದ ಚೂರುಗಳು ಎದ್ದು, ಸಿಡುಬಿನ ಕಲೆಯಂಥ ಗುಳಿಗಳು ಮೂಡುತ್ತವೆ. ಬೇರಿಂಗ್‌ಗಳು ಒಂದೇ ಸಮನೆ ಗುಂಯ್‌ಗುಡತೊಡಗುತ್ತವೆ.

ರೋಣದ ಸುತ್ತಲಿನ ಎರೆಹೊಲದ ದಾರಿ ಇದಕ್ಕೆ ವಿರುದ್ಧ. ಮಳೆ ಬಿದ್ದರೆ ಉಬ್ಬಿ ಅಂಟಾಗುವ, ಒಣಗಿದರೆ ಬಿರಿಯುವ ಗುಣ ಎರೆಮಣ್ಣಿನ ಜೇಡಿಖನಿಜಗಳಲ್ಲೇ ಇದೆ. ಹಸಿಯಲ್ಲಿ ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಗಾಲಿ ಬಿಗಿಯುತ್ತದೆ, ಸವಾರ ಅರ್ಧ ಕ್ಲಚ್ಚಿನಲ್ಲಿ ಮೊದಲ ಗೇರಿಗೂ ಎರಡಕ್ಕೂ ತೂಗಾಡುತ್ತಾನೆ. ಕ್ಲಚ್ ಪ್ಲೇಟು ಕಾದು ಸೊಟ್ಟಗಾದರೆ ಲಿವರ್ ಹಿಡಿದರೂ ಅದು ಪೂರ್ತಿ ಬಿಡುವುದಿಲ್ಲ. ಆಗ ಪ್ರತಿ ಬದಲಾವಣೆಯಲ್ಲೂ ಡಾಗ್‌ಗಳು ಕಿಂಡಿಗೆ ಹೊಗುವ ಮೊದಲು ಅಂಚಿಗೆ ಅಂಚು ಉಜ್ಜುತ್ತವೆ. ಬೇಸಿಗೆಯಲ್ಲಿ ಬಿರಿದ ದಾರಿಯ ಮೇಲೆ ಗಾಲಿ ಕ್ಷಣಕಾಲ ನೆಲ ಬಿಟ್ಟು ಮತ್ತೆ ಹಿಡಿಯುತ್ತದೆ. ಅಷ್ಟೂ ಸಲ ಡಾಗ್‌ಗಳು ಕಿಂಡಿಯ ಒಂದು ಬದಿಯಿಂದ ಇನ್ನೊಂದಕ್ಕೆ ಅಪ್ಪಳಿಸುತ್ತವೆ. ಹಿಂಗಾಲಿಯ ಹಬ್ಬಿನೊಳಗಿನ ರಬ್ಬರ್ ತುಂಡುಗಳು ಈ ಪೆಟ್ಟನ್ನು ನುಂಗಲೆಂದೇ ಇವೆ. ಅವು ಗಟ್ಟಿಯಾಗಿ ಪುಡಿಯಾಗಿದ್ದರೆ ಪೆಟ್ಟು ನೇರವಾಗಿ ಗೇರ್‌ಬಾಕ್ಸಿಗೆ.

ಗಜೇಂದ್ರಗಡದ ದಾರಿಯಲ್ಲಿ ಏರು, ಭಾರ ಎರಡೂ ಕೂಡುತ್ತವೆ. ಮಗ್ಗದ ಊರಾದ ಅಲ್ಲಿ ಸೀರೆಯ ಗಂಟು ಹೊತ್ತ ಬೈಕುಗಳು ಹೊಸ ನೋಟವಲ್ಲ. ಮೂರನೇ ಗೇರ್ ಜಿಗಿಯುವ ದೂರು ಮೊದಲು ಕಾಣಿಸಿಕೊಳ್ಳುವುದು ಇಂಥ ಏರಿನಲ್ಲೇ. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಗಜೇಂದ್ರಗಡದ ಗುಡ್ಡಗಳು ಮರಳುಗಲ್ಲಿನವು, ಮರಳುಗಲ್ಲಿನ ಕಣವೆಂದರೆ ಬಹುತೇಕ ಬೆಣಚು. ಬೆಣಚಿನ ಗಡಸುತನ ಹದಗೊಳಿಸಿದ ಗೇರ್ ಉಕ್ಕಿಗಿಂತಲೂ ಹೆಚ್ಚು. ಹಲ್ಲುಗಳ ನಡುವಿನ ಎಣ್ಣೆಯ ಪೊರೆ ಹಲವೆಡೆ ಒಂದು ಮೈಕ್ರೊಮೀಟರ್‌ಗಿಂತ ತೆಳು, ಅಂದರೆ ತಲೆಗೂದಲಿನ ದಪ್ಪದ ಐವತ್ತನೇ ಒಂದು ಪಾಲೂ ಇಲ್ಲ. ಸವೆದ ಎಣ್ಣೆ ಸೀಲಿನ ಮೂಲಕ ಒಂದು ಚಿಟಿಕೆ ಮರಳುದೂಳು ಒಳಹೊಕ್ಕರೆ ಅದಕ್ಕೆ ಆ ಪೊರೆ ಅಡ್ಡಿಯೇ ಅಲ್ಲ.

ಬಿಚ್ಚುವ ಮೊದಲು

ಒಳ್ಳೆಯ ಮಿಸ್ತ್ರಿ ಪಾನಾ ಹಿಡಿಯುವ ಮುನ್ನ ಹೊರಗಿನಿಂದ ಒಳಕ್ಕೆ ಬರುತ್ತಾನೆ. ಮೊದಲು ಕ್ಲಚ್ ಕೇಬಲ್ಲಿನ ಸಡಿಲು. ಆಮೇಲೆ ಗೇರ್ ಲಿವರಿನ ಹಲ್ಲುಗಚ್ಚು, ಮುಂದಿನ ಸ್ಪ್ರಾಕೆಟ್, ಹಿಂಗಾಲಿಯ ರಬ್ಬರ್. ಬಳಿಕ ಗೇರನ್ನು ಅದರ ಜಾಗದಲ್ಲಿ ಹಿಡಿದಿಡುವ ಸಣ್ಣ ಸ್ಪ್ರಿಂಗ್. ಎಷ್ಟೋ ಸಲ ಜಿಗಿತಕ್ಕೆ ಕಾರಣ ಸೋತುಹೋದ ಆ ಸ್ಪ್ರಿಂಗ್ ಒಂದೇ ಆಗಿರುತ್ತದೆ. ಕೊನೆಗೆ ಎಣ್ಣೆ ಇಳಿಸಿ ನೋಡುತ್ತಾನೆ. ಬೆರಳಿಗೆ ಬೂದುಬಣ್ಣದ ನುಣುಪು ಲೇಪ ಅಂಟಿದರೆ ಅದು ಸಹಜ ಸವೆತ. ಹೊಳೆಯುವ ಚೂರು, ಮುರಿದ ಅಂಚಿನ ತುಂಡು ಕಂಡರೆ ಪೆಟ್ಟಿಗೆ ಬಿಚ್ಚಲೇಬೇಕು.

ಬಿಚ್ಚುವ ಕೆಲಸ ಗಾಡಿಯಿಂದ ಗಾಡಿಗೆ ಬೇರೆ. ಹಳೆಯ ಬುಲೆಟ್‌ನಲ್ಲಿರುವುದು ಇಂಗ್ಲೆಂಡಿನ ಆಲ್ಬಿಯನ್ ಮಾದರಿಯ ನಾಲ್ಕು ಗೇರ್‌ನ ಪೆಟ್ಟಿಗೆ. ಅದು ಎಂಜಿನ್‌ನಿಂದ ಪ್ರತ್ಯೇಕ. ಅದರ ಅನುಪಾತಗಳು 2.78, 1.84, 1.36 ಮತ್ತು 1. ನಾಲ್ಕನೆಯದರಲ್ಲಿ ಬಲ ನೇರವಾಗಿ ಹಾಯುತ್ತದೆ. ಎರಡು ಗೇರ್‌ಗಳ ನಡುವೆ ಸುಳ್ಳು ನ್ಯೂಟ್ರಲ್ ಸಿಗುವುದು ಇದರ ಪ್ರಸಿದ್ಧ ಕಾಯಿಲೆ. ಬುಷ್ ಸವೆದು ದಂಡ ಅಲುಗಾಡುವುದು, ಲಿವರಿನ ಹೊಂದಾಣಿಕೆ ತಪ್ಪುವುದು ಇದಕ್ಕೆ ಮುಖ್ಯ ಕಾರಣಗಳು. ಎಂಜಿನ್ ಮುಟ್ಟದೆ ಬಲಬದಿಯ ಮುಚ್ಚಳಗಳನ್ನು ತೆಗೆದು ಬಹುಪಾಲು ಭಾಗಗಳನ್ನು ತಲುಪಬಹುದು ಎಂಬುದು ದುರಸ್ತಿಗಾರರಿಗೆ ಸಮಾಧಾನದ ಸಂಗತಿ.

ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಅದರ ಮುಂದುವರಿಕೆಯಾದ ಯೆಜ್ದಿ ಬೇರೆಯೇ ಜಾತಿ. ಗೇರ್ ಹಾಕುವ ಲಿವರೇ ಅಲ್ಲಿ ಕಿಕ್ಕರ್ ಕೂಡ. ಜೆಕೊಸ್ಲೊವಾಕಿಯದಲ್ಲಿ 1946ರಲ್ಲಿ ಬಂದ ಪೆರಾಕ್ ಮಾದರಿಯಿಂದ ಇಳಿದುಬಂದ ಈ ಜಾಣ್ಮೆಯಲ್ಲಿ ಒಂದು ಪೊಳ್ಳು ದಂಡದೊಳಗೆ ಇನ್ನೊಂದು ದಂಡ ತಿರುಗುತ್ತದೆ. ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡಿಸಿಕೊಳ್ಳುವ ಏರ್ಪಾಡೂ ಉಂಟು. ಗೇರ್ ಬದಲಾವಣೆ, ಕಿಕ್, ಕ್ಲಚ್ ಮೂರೂ ಒಂದೇ ಜಾಗಕ್ಕೆ ಬರುವುದರಿಂದ ಸವೆತ, ಎಣ್ಣೆ ಸೋರಿಕೆಗಳೂ ಅಲ್ಲೇ ಶುರುವಾಗುತ್ತವೆ. ಯೆಜ್ದಿ, ಆರ್‌ಎಕ್ಸ್, ಸ್ಪ್ಲೆಂಡರ್ ಎಲ್ಲದರಲ್ಲೂ ಗೇರ್‌ಗಳು ಎಂಜಿನ್ನಿನ ಮನೆಯೊಳಗೇ ಇವೆ. ಗೇರ್ ನೋಡಬೇಕೆಂದರೆ ಎಂಜಿನ್ ಇಳಿಸಿ ಕೇಸನ್ನು ಎರಡು ಹೋಳು ಮಾಡಬೇಕು.

ಇಲ್ಲಿಯೇ ಅವಸರ ಹಾನಿ ಮಾಡುತ್ತದೆ. ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಮಿದು ಅಲ್ಯುಮಿನಿಯಂ ಮೇಲೆ ಗಾಯವಾಗಿ, ಮುಂದೆ ಎಷ್ಟು ಪೇಸ್ಟ್ ಬಳಿದರೂ ಎಣ್ಣೆ ಸೋರುತ್ತದೆ. ಪುಲ್ಲರ್ ಬೇಕು, ತಾಳ್ಮೆ ಬೇಕು. ದಂಡಗಳ ತುದಿಯಲ್ಲಿರುವ ತೆಳು ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎಂಬುದನ್ನು ದಾರಕ್ಕೆ ಪೋಣಿಸಿ ಇಡಬೇಕು. ಆ ವಾಷರ್‌ಗಳೇ ಡಾಗ್ ಎಷ್ಟು ಆಳಕ್ಕೆ ಹೊಗುತ್ತದೆ ಎಂಬುದನ್ನು ನಿರ್ಧರಿಸುವುದು. ಒಂದು ಬಿಟ್ಟುಹೋದರೂ ಹೊಸ ಗೇರ್ ಹಾಕಿದ ಗಾಡಿ ಹಳೆಯ ದೂರನ್ನೇ ಹೊತ್ತು ವಾಪಸು ಬರುತ್ತದೆ.

ನಂಬರ್ ಓದಿದರೆ ಭಾಗ ಸಿಗುತ್ತದೆ

ಕಂಪನಿ ಮಾದರಿ ನಿಲ್ಲಿಸಿದರೆ ಭಾಗಗಳೂ ಮುಗಿದವು ಎಂಬ ಅಂಜಿಕೆ ಅರ್ಧ ಮಾತ್ರ ನಿಜ. ಬೇರಿಂಗ್‌ಗಳ ಅಳತೆ ಜಗತ್ತಿನೆಲ್ಲೆಡೆ ಒಂದೇ. ಬೇರಿಂಗಿನ ಮೇಲೆ 6204 ಎಂದು ಕೊರೆದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: ಒಳತೂತು 20 ಮಿ.ಮೀ. ಅದರ ಹೊರವ್ಯಾಸ 47, ದಪ್ಪ 14. ಹಳೆಯ ಯೆಜ್ದಿ ನಿಂತು ದಶಕಗಳಾದರೂ ಆ ಅಳತೆಯ ಬೇರಿಂಗ್ ಹುಬ್ಬಳ್ಳಿಯ ಯಾವುದೇ ಒಳ್ಳೆಯ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಅದು ಪಂಪ್‌ಸೆಟ್ಟಿಗೂ ಬೇಕಾದದ್ದೇ. ಎಣ್ಣೆ ಸೀಲುಗಳೂ ಹಾಗೆಯೇ. ಒಳವ್ಯಾಸ, ಹೊರವ್ಯಾಸ, ಅಗಲ ಎಂಬ ಮೂರು ಅಂಕಿಗಳನ್ನು ಬರೆದುಕೊಂಡು ಹೋದರೆ ಸಾಕು.

ಬೇರಿಂಗ್ ಕೂರಿಸುವುದರಲ್ಲೂ ಭೌತವಿಜ್ಞಾನವಿದೆ. ಕಾಯಿಸಿದಾಗ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಕೇಸನ್ನು 25ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ 47 ಮಿ.ಮೀ. ತೂತು ಸುಮಾರು 0.08 ಮಿ.ಮೀ. ಅಗಲವಾಗುತ್ತದೆ. ತಣ್ಣಗಿನ ಬೇರಿಂಗ್ ಆಗ ಬೆರಳ ಒತ್ತಿಗೇ ಒಳಗಿಳಿಯುತ್ತದೆ. ಬಂಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕಾಯಿಸಿ ಏರಿಸುವ ಕಮ್ಮಾರ ಬಳಸುವುದು ಇದೇ ಗುಣವನ್ನು. ಕಾಯಿಸದೆ ಸುತ್ತಿಗೆಯಿಂದ ಬಡಿದರೆ ಒಳಗಿನ ಗುಂಡುಗಳು ತಮ್ಮ ಹಾದಿಯ ಮೇಲೆ ಕಣ್ಣಿಗೆ ಕಾಣದ ತಗ್ಗು ಮಾಡುತ್ತವೆ. ಹೊಸ ಬೇರಿಂಗ್ ಮೊದಲ ದಿನವೇ ಹಳೆಯದಾಗುತ್ತದೆ.

ಕಷ್ಟವಿರುವುದು ಗೇರ್‌ಗಳಲ್ಲಿ. ಅವಕ್ಕೆ ಜಾಗತಿಕ ನಂಬರ್ ಇಲ್ಲ. ಹಳೆಯ ಗಾಡಿ ಒಡೆದು ಮಾರುವವರ ಬಳಿ ಸಿಗುವ ಅಸಲಿ ಗೇರ್, ಪೇಟೆಯಲ್ಲಿ ಸಿಗುವ ನಕಲಿ ಗೇರ್‌ಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಒಂದು ಸರಳ ಪರೀಕ್ಷೆ ಇದೆ: ಕೆಲಸಕ್ಕೆ ಬಾರದ ಬದಿಯೊಂದರ ಮೇಲೆ ಒಳ್ಳೆಯ ಅರವನ್ನು ಎಳೆಯುವುದು. ಗಡಸು ಉಕ್ಕಿನ ಮೇಲೆ ಅರ ಗಾಜಿನ ಮೇಲಿನಂತೆ ಜಾರುತ್ತದೆ. ಕಚ್ಚಿ ಪುಡಿ ಉದುರಿಸಿದರೆ ಆ ಗೇರ್ ಬೇಡ.

ಉರುಟಾದ ಡಾಗ್‌ಗೆ ವೆಲ್ಡಿಂಗ್ ಮಾಡಿ ಉಜ್ಜಿ ಕೊಡುವ ರೂಢಿಯೂ ಉಂಟು. ಗಾಡಿ ಅಂದಿಗೆ ಓಡುತ್ತದೆ. ಆದರೆ ವೆಲ್ಡಿಂಗಿನ ಉರಿ ಸುತ್ತಲಿನ ಹದವನ್ನು ಕೆಡಿಸುತ್ತದೆ. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಪುಟಪುಟನೆ ಮುರಿಯುವ ಹಾಗೆ ಆಗುತ್ತದೆ. ಮುರಿದ ತುಂಡು ಹಲ್ಲುಗಳ ನಡುವೆ ಸಿಕ್ಕರೆ ಪೆಟ್ಟಿಗೆಯೇ ಜಾಮ್ ಆಗಿ ಹಿಂಗಾಲಿ ನಿಲ್ಲಬಹುದು. ನುರಿತ ಯಂತ್ರಶಾಲೆಯಲ್ಲಿ ಅಂಚನ್ನು ಮತ್ತೆ ಒಳಸರಿಯುವಂತೆ ಗ್ರೈಂಡ್ ಮಾಡಿಸುವುದು ಇದಕ್ಕಿಂತ ಉತ್ತಮ. ಅದಕ್ಕೂ ಮಿತಿಯಿದೆ, ಏಕೆಂದರೆ ಗಡಸು ಪದರ ಇರುವುದೇ ಅರ್ಧ, ಒಂದು ಮಿ.ಮೀ.

ದುರಸ್ತಿಯೋ, ಬದಲಿಯೋ?

ಹಲ್ಲುಗಳು ನುಣುಪಾಗಿದ್ದು ಫೋರ್ಕ್, ಸ್ಪ್ರಿಂಗ್, ಬೇರಿಂಗ್, ಸೀಲು ಮಾತ್ರ ಸವೆದಿದ್ದರೆ ದುರಸ್ತಿಯೇ ಸರಿ. ಒಂದು ಗೇರ್‌ನ ಡಾಗ್ ಹೋಗಿದ್ದರೆ ಅದು ಕೂಡುವ ಜೊತೆಯ ಚಕ್ರವನ್ನೂ ಬದಲಿಸಬೇಕು. ಸವೆದದ್ದರ ಜೊತೆ ಹೊಸದನ್ನು ಕೂಡಿಸಿದರೆ ಹೊಸದು ಬೇಗ ಹಾಳಾಗುತ್ತದೆ. ಎರಡಕ್ಕಿಂತ ಹೆಚ್ಚು ಜೋಡಿಗಳಲ್ಲಿ ಗುಳಿ ಬಿದ್ದಿದ್ದರೆ, ಅಥವಾ ಬೇರಿಂಗ್ ಕೂರುವ ಮನೆಯೇ ಅಗಲವಾಗಿದ್ದರೆ, ಇಡೀ ಸೆಟ್ ಬದಲಿಸುವುದು ಕೊನೆಗೆ ಅಗ್ಗ.

ಬದಲಿಯಲ್ಲಿ ಒಂದು ಕಾನೂನಿನ ತೊಡಕು ನೆನಪಿರಲಿ. ಬುಲೆಟ್‌ನ ಪ್ರತ್ಯೇಕ ಗೇರ್‌ಬಾಕ್ಸ್ ಬದಲಿಸಿದರೆ ಎಂಜಿನ್ ನಂಬರ್ ಹಾಗೇ ಉಳಿಯುತ್ತದೆ. ಆರ್‌ಎಕ್ಸ್ ಅಥವಾ ಸ್ಪ್ಲೆಂಡರ್‌ಗೆ ಬೇರೆ ಗಾಡಿಯ ಎಂಜಿನ್ ಕೇಸ್ ಕೂರಿಸಿದರೆ ಅದರ ಮೇಲಿನ ನಂಬರ್ ಆರ್‌ಸಿ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ತಪಾಸಣೆಯ ವೇಳೆ ತೊಂದರೆಯಾಗದಂತೆ ಈ ಬದಲಾವಣೆಯನ್ನು ಮೊದಲೇ ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು.

ಎಣ್ಣೆಯ ವಿಷಯದಲ್ಲಿ ಎರಡು ಜಾತಿಯ ಗಾಡಿಗಳಿಗೆ ಎರಡು ನಿಯಮ. ಯೆಜ್ದಿ, ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್‌ಗಳಲ್ಲಿ ಗೇರ್‌ಗಳಿಗೆ ತಮ್ಮದೇ ಎಣ್ಣೆ ಇರುತ್ತದೆ. ಪೆಟ್ರೋಲಿಗೆ ಬೆರೆಯುವ ಎಣ್ಣೆ ಬೇರೆ. ಅದಕ್ಕೇ ಎಷ್ಟೋ ಜನ ಗೇರ್ ಎಣ್ಣೆಯನ್ನು ವರ್ಷಗಟ್ಟಲೆ ಮರೆತುಬಿಡುತ್ತಾರೆ. ಸ್ಪ್ಲೆಂಡರ್‌ನಂಥ ಫೋರ್ ಸ್ಟ್ರೋಕ್‌ಗಳಲ್ಲಿ ಎಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಎಣ್ಣೆ. ಅಲ್ಲಿ ಕಾರಿನ ಎಣ್ಣೆ ಸುರಿದರೆ ಕ್ಲಚ್ ಜಾರಬಹುದು. ಡಬ್ಬಿಯ ಮೇಲೆ ಜಾಸೊ ಎಂಎ ಗುರುತಿರುವ ಎಣ್ಣೆಯನ್ನೇ ಕೇಳಿ ಕೊಳ್ಳಬೇಕು.

ಮೂರನೇ ಗೇರ್ ಮೊದಲ ಸಲ ಜಿಗಿದ ದಿನವೇ ಗಾಡಿಯನ್ನು ಗ್ಯಾರೇಜಿಗೆ ಒಯ್ಯಿರಿ. ಲಿವರನ್ನು ಕಾಲಿನಿಂದ ಅದುಮಿ ಹಿಡಿದು ಓಡಿಸಬೇಡಿ. ಆ ಒತ್ತಡ ಫೋರ್ಕನ್ನು ತಿನ್ನುತ್ತದೆ. ಮೊದಲ ವಾರ ಒಂದು ಸ್ಪ್ರಿಂಗ್ ಅಥವಾ ಫೋರ್ಕ್‌ನಿಂದ ಮುಗಿಯಬಹುದಾದ ಕೆಲಸಕ್ಕೆ ಆರು ತಿಂಗಳ ನಂತರ ಎರಡು ಜೋಡಿ ಗೇರ್ ಬೇಕಾಗುತ್ತದೆ. ಹಳೆಯ ಯೆಜ್ದಿಯದಾದರೆ ಅವು ತಯಾರಾಗುತ್ತಿದ್ದ ಕಾರ್ಖಾನೆ ಈಗ ಇಲ್ಲ. ದುರಸ್ತಿಯಾಗಿ ಬಂದ ಮೇಲೆ ಮೊದಲ 500 ಕಿ.ಮೀ. ಮುಗಿಯುತ್ತಿದ್ದಂತೆ ಎಣ್ಣೆ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಏನು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿ.